ಚಳಿಯಲ್ಲಿ ಗಾಡಿ ತೆಗೆದ ಕೂಡಲೇ ತುಳಿಯಬೇಡಿ
ಮಡಿಕೇರಿ, ಚಿಕ್ಕಮಗಳೂರು ಕಡೆ ಚಳಿಗಾಲದಲ್ಲಿ ಡೀಸೆಲ್ ಗಾಡಿ ಓಡಿಸೋರಿಗೆ ಒಂದು ಮಾತು. ಸ್ಟಾರ್ಟ್ ಮಾಡಿ ಹತ್ತು ನಿಮಿಷ ಅಂಗಳದಲ್ಲೇ ಬಿಡೋದು ಬರೀ ಡೀಸೆಲ್ ದಂಡ. ಅರ್ಧ ನಿಮಿಷ ಸಾಕು, ಸೀಟ್ ಬೆಲ್ಟ್ ಹಾಕಿ ಕನ್ನಡಿ ಸರಿ ಮಾಡಿಕೊಳ್ಳೋಷ್ಟು ಹೊತ್ತು. ಆಮೇಲೆ ಹೊರಡಿ, ಆದರೆ ಮೊದಲ ನಾಲ್ಕೈದು ಕಿಲೋಮೀಟರ್ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತೋ ಲೆಕ್ಕ) 2500 ದಾಟಿಸಬೇಡಿ.

ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ತಕ್ಷಣ ಆಕ್ಸಿಲರೇಟರ್ ತುಳಿಯೋರೇ ಜಾಸ್ತಿ. ಅದು ತೋರಿಸೋದು ಕೂಲೆಂಟ್ (ಇಂಜಿನ್ ತಂಪು ಮಾಡೋ ದ್ರವ) ಬಿಸಿ ಮಾತ್ರ. ಇಂಜಿನ್ ಆಯಿಲ್ ಬಿಸಿಯಾಗೋದು ಅದಕ್ಕಿಂತ ತಡ. ಆಯಿಲ್ ತಣ್ಣಗೆ ಮಂದವಾಗಿರುವಾಗ ಜೋರು ಮಾಡಿದರೆ ಪೆಟ್ಟು ಬೀಳೋದು ಟರ್ಬೋ (ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳೋ ಭಾಗ) ಬೇರಿಂಗಿಗೆ. (ಅದರ ರಿಪೇರಿ ಬಿಲ್ ನೋಡಿದವರಿಗೆ ಗೊತ್ತು.)

ಗೇಟ್ ದಾಟಿದ್ದೇ ಏರು ಇದ್ದರೆ ಒಂದು ಗೇರ್ ಕಮ್ಮಿ ಹಾಕಿ ನಿಧಾನ ಹತ್ತಿಸಿ, ಮೇಲಿನ ಗೇರಲ್ಲಿ ಇಂಜಿನ್ ಮುಲುಕಿಸಬೇಡಿ. ಘಾಟಿ ಹತ್ತಿ ನಿಲ್ಲಿಸುವಾಗಲೂ ಬಿಸಿಯಾದ ಟರ್ಬೋ ತಣಿಯೋಕೆ ಒಂದು ನಿಮಿಷ ಐಡಲ್ (ತುಳಿಯದೆ ಇಂಜಿನ್ ಆನ್) ಬಿಟ್ಟು ಆಮೇಲೆ ಆಫ್ ಮಾಡಿ.