ತೂಕ ಕೇಳದೆ ಈ ವರದಿ ಓದುವುದಿಲ್ಲ

ಹೃದಯ ವೈಫಲ್ಯದ ಸುಳಿವು ಕೊಡುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆಗೆ ಚೀಟಿ ಬರೆದುಕೊಡುವಾಗ ಮೂಲೆಯಲ್ಲಿ ರೋಗಿಯ ಎತ್ತರ, ತೂಕ, ಸೊಂಟದ ಸುತ್ತಳತೆಯನ್ನೂ ಗುರುತು ಹಾಕುತ್ತೇನೆ. ಲ್ಯಾಬಿನವರಿಗೆ ಅದು ಬೇಕಿಲ್ಲ, ವರದಿ ಕೈಗೆ ಬಂದಾಗ ನನಗೆ ಬೇಕು.

ಹೃದಯದ ಗೋಡೆಯ ಮೇಲೆ ಎಳೆತ ಬಿದ್ದಾಗ ರಕ್ತಕ್ಕೆ ಸೇರುವ ವಸ್ತು ಇದು. ಏದುಸಿರು ಬಿಡುತ್ತ ತುರ್ತಾಗಿ ಬಂದವರಲ್ಲಿ ಮಿಲಿಲೀಟರಿಗೆ 300 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯವಲ್ಲ ಎನ್ನುವುದು ರೂಢಿಯ ಲೆಕ್ಕ. ತೆಳ್ಳಗಿನವರಲ್ಲಿ ನಾನೂ ಅದನ್ನು ನಂಬುತ್ತೇನೆ. ದಪ್ಪಗಿರುವವರಲ್ಲಿ ನಂಬುವುದಿಲ್ಲ.

58 ವರ್ಷದ ಒಬ್ಬ ಮಹಿಳೆ, 155 ಸೆಂ.ಮೀ. ಎತ್ತರ, 94 ಕೆ.ಜಿ. ತೂಕ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) 39. ವರದಿಯಲ್ಲಿ 240. "ನಾರ್ಮಲ್ ಇದೆಯಲ್ಲ ಡಾಕ್ಟರೇ, ಗ್ಯಾಸ್ ಇರಬೇಕು" ಎಂದ ಮಗ. ಆದರೆ ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆಂದು ಆ ತಾಯಿ ಮಲಗುವುದು ಮೂರು ದಿಂಬಿನ ಮೇಲೆ. ಕೊರಳಿನ ಕೊಬ್ಬಿನಲ್ಲಿ ರಕ್ತನಾಳ ಉಬ್ಬಿದೆಯೋ ಇಲ್ಲವೋ ಕಾಣಲೇ ಇಲ್ಲ. ಆದರೆ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಂತಿತು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್ ಸರಿಯಾಗಿತ್ತು, ಆದರೆ ಹೃದಯದ ಮೇಲಿನ ಎಡ ಕೋಣೆಯಾದ ಎಡ ಹೃತ್ಕರ್ಣ ಹಿಗ್ಗಿತ್ತು, ಒಳಗೆ ಒತ್ತಡ ಏರಿದ್ದರ ಗುರುತು. ಮೂತ್ರ ಹೋಗುವ ಮಾತ್ರೆ ಶುರು ಮಾಡಿದ ಮೇಲೆ ಒಂದೇ ದಿಂಬಿನಲ್ಲಿ ನಿದ್ದೆ ಬರತೊಡಗಿತು.

ಕೊಬ್ಬಿನ ಕೋಶಗಳಲ್ಲಿ ಬಿಎನ್‌ಪಿಯನ್ನು (ಎನ್‌ಟಿ-ಪ್ರೊಬಿಎನ್‌ಪಿಯ ಜೊತೆಯಲ್ಲೇ ಹೃದಯದಿಂದ ಹೊರಬರುವ ಹಾರ್ಮೋನು) ರಕ್ತದಿಂದ ತೆಗೆದುಹಾಕುವ ಗ್ರಾಹಕಗಳು ಹೇರಳವಾಗಿವೆ, ಅದಕ್ಕೇ ಅಂಕಿ ತಗ್ಗುತ್ತದೆ ಎಂಬ ವಿವರಣೆಯೊಂದಿದೆ. ನನಗೆ ಅದು ಅರ್ಧವಷ್ಟೇ ಒಪ್ಪಿಗೆ. ಎನ್‌ಟಿ-ಪ್ರೊಬಿಎನ್‌ಪಿ ಆ ಗ್ರಾಹಕಕ್ಕೆ ಅಂಟುವುದೇ ಇಲ್ಲ, ಆದರೂ ತಗ್ಗಿರುತ್ತದೆ. ಎಂದರೆ ತಯಾರಾಗುವುದೇ ಕಡಿಮೆ. ಇನ್ಸುಲಿನ್ ಪ್ರತಿರೋಧದ ಪಾತ್ರ ಒಂದಿಷ್ಟಿರಬಹುದು; ಹೃದಯದ ಸುತ್ತ ಸೇರಿದ ಕೊಬ್ಬು ಹೊರಗಿನಿಂದ ಅದುಮುವುದರಿಂದ, ಒಳಗೆ ಒತ್ತಡ ಏರಿದರೂ ಗೋಡೆಗೆ ಎಳೆತ ಅಷ್ಟಾಗಿ ತಟ್ಟದೆಯೂ ಇರಬಹುದು.

ಸ್ಥೂಲಕಾಯರಲ್ಲಿ ಮಿತಿಯನ್ನು ಶೇ. 50ರವರೆಗೆ ಇಳಿಸಿ ನೋಡಬಹುದೆಂದು ಯುರೋಪಿನ ಹೃದಯ ವೈಫಲ್ಯ ತಜ್ಞರು ಹೇಳಿದ್ದಾರೆ. ಎಂದರೆ 300ರ ಬದಲು 150ರವರೆಗೆ. ಹಾಗೆ ನೋಡಿದರೆ ಆ ತಾಯಿಯ 240 ನಿರಾಳವಾಗಿ ಬಿಡುವ ಅಂಕಿಯಲ್ಲ. ಯುರೋಪಿನವರ ಸ್ಥೂಲಕಾಯದ ಲೆಕ್ಕ ಬಿಎಂಐ 30ರಿಂದ ಶುರು, ನಮ್ಮವರಿಗೆ 25ರಿಂದಲೇ. ಬಿಎಂಐ 27 ಇದ್ದು ಹೊಟ್ಟೆ ಮುಂದೆ ಬಂದವರಿಗೆ ಎಷ್ಟು ಇಳಿಸಬೇಕು ಎಂಬುದಕ್ಕೆ ಸೂತ್ರ ಹುಡುಕುತ್ತ ಕೂರುವುದಿಲ್ಲ, ನೇರವಾಗಿ ಎಕೋ ಮಾಡಿಸುತ್ತೇನೆ.

ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಹೀಗಲ್ಲ. ದಪ್ಪಗಿರುವವರಲ್ಲಿ ಅದು ತಗ್ಗುವುದಿಲ್ಲ, ತುಸು ಮೇಲೆಯೇ ಇರುವುದುಂಟು. ಆದ್ದರಿಂದ ಎರಡು ವರದಿಗಳೂ ಬಂದಾಗ, ಒಂದು ತಣ್ಣಗಿದೆಯೆಂದು ಇನ್ನೊಂದನ್ನು ತಳ್ಳಿಹಾಕುವುದಿಲ್ಲ.

ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ ತೂಕ ಇಳಿದಾಗ ಎನ್‌ಟಿ-ಪ್ರೊಬಿಎನ್‌ಪಿ ಏರುವುದೂ ಉಂಟು. ಮನೆಯವರು ಗಾಬರಿಯಿಂದ ಫೋನ್ ಮಾಡುತ್ತಾರೆ. ಕಾಲು ಬಾತಿದೆಯೇ, ರಾತ್ರಿ ಎಷ್ಟು ದಿಂಬು ಎಂದು ಮೊದಲು ಕೇಳುತ್ತೇನೆ. ಮಾತ್ರೆ ಹೆಚ್ಚಿಸುವುದು ಆಮೇಲೆ.