ಟಂಡ್ರಾ ಮೇಲೆ ಸಿ-ಬ್ಯಾಂಡ್ ಇನ್ಸಾರ್: ಕೊನೆಗೂ ಕೈಹಿಡಿಯಿತು

"ಟಂಡ್ರಾದಲ್ಲಿ ಸಿ-ಬ್ಯಾಂಡ್ ನಡೆಯಲ್ಲ ಮಾರಾಯ, ಪಾಚಿ, ಹುಲ್ಲು, ನೀರು ಎಲ್ಲ ಸೇರಿ ಫೇಸ್ ಕಲಸಿಹೋಗುತ್ತೆ" ಅಂತ ನನಗೆ ಹೇಳದವರಿಲ್ಲ. ಇನ್ಸಾರ್ ಅಂದರೆ ಒಂದೇ ಜಾಗದ ಎರಡು ದಿನದ ಉಪಗ್ರಹ ರಾಡಾರ್ ಚಿತ್ರಗಳನ್ನು ಜೋಡಿ ಮಾಡಿ, ಮರಳಿ ಬಂದ ಅಲೆಯ ಹಂತದ (ಫೇಸ್) ವ್ಯತ್ಯಾಸದಿಂದ ನೆಲ ಎಷ್ಟು ಏರಿತು, ಇಳಿಯಿತು ಅಂತ ಅಳೆಯುವ ವಿಧಾನ. ಸಿ-ಬ್ಯಾಂಡ್ ಅಂದರೆ ಗಿಡ್ಡ ಅಲೆಯ ರಾಡಾರ್. ಉದ್ದ ಅಲೆಯ ಎಲ್-ಬ್ಯಾಂಡ್ ಡೇಟಾ ಕೊಳ್ಳುವಷ್ಟು ದುಡ್ಡಿದ್ದರೆ ಮಾತ್ರ ಪರ್ಮಾಫ್ರಾಸ್ಟ್ (ವರ್ಷವಿಡೀ ಹೆಪ್ಪುಗಟ್ಟಿರುವ ನೆಲ) ಕಡೆ ತಲೆ ಹಾಕು ಅಂದರು. ಬೆಂಗಳೂರಲ್ಲಿ ಕೂತು ಅಲಾಸ್ಕಾದ ನೆಲ ಅಳೆಯುತ್ತಾನಂತೆ ಅನ್ನುವ ನಗು ಬೇರೆ. ಈಗ ನೆಲದ ಕುಸಿತದ ನಕ್ಷೆ ಬಂದಿದೆ. ಅದೂ ಯುರೋಪಿನ ಸಿ-ಬ್ಯಾಂಡ್ ಉಪಗ್ರಹ ಸೆಂಟಿನೆಲ್-1ರ ಬಿಟ್ಟಿ ಸಿಗುವ ಡೇಟಾದಿಂದಲೇ.

ನಾನು ಹಿಡಿದದ್ದು ಅಲಾಸ್ಕಾದ ನಾರ್ತ್ ಸ್ಲೋಪ್‌ನ ಅನಾಕ್ಟುವುಕ್ ನದಿಯ ಬೆಂಕಿ ಬಿದ್ದ ಜಾಗ. 2007ರ ಜುಲೈನಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ ಅಕ್ಟೋಬರ್‌ವರೆಗೂ ಉರಿದು ಸುಮಾರು 1,000 ಚದರ ಕಿಲೋಮೀಟರ್ ಸುಟ್ಟಿತು. ಮೇಲಿನ ಪಾಚಿಯ ಹೊದಿಕೆ ಹೋದರೆ ಬಿಸಿಲಿನ ಶಾಖ ನೇರ ಒಳಗಿಳಿಯುತ್ತದೆ, ಐಸ್ ವೆಡ್ಜ್‌ಗಳು (ನೆಲದೊಳಗಿನ ಬೆಣೆಯಾಕಾರದ ಮಂಜುಗಡ್ಡೆ) ಕರಗುತ್ತವೆ, ನೆಲ ಕುಸಿಯುತ್ತದೆ. ಅಲ್ಲಿ 2009 ಮತ್ತು 2014ರಲ್ಲಿ ವಿಮಾನದಲ್ಲಿ ಲೈಡಾರ್ (ಲೇಸರ್‌ನಿಂದ ನೆಲದ ಎತ್ತರ ಅಳೆಯುವ ಉಪಕರಣ) ಹಾರಿಸಿದ್ದರು. ಅಳೆದ ಸುಟ್ಟ ಭಾಗದ ಮೂರನೇ ಒಂದು ಪಾಲಿನಷ್ಟು ಜಾಗದಲ್ಲಿ ನೆಲ ಕುಸಿದದ್ದು ಗೊತ್ತಾಗಿತ್ತು. ಸುಡದ ಕಡೆ ಇದು ಶೇ. 1ಕ್ಕಿಂತ ಕಡಿಮೆ. ಹೊಸ ವಿಧಾನವನ್ನು ಉತ್ತರ ಗೊತ್ತಿರುವ ಲೆಕ್ಕದ ಮೇಲೆ ಮೊದಲು ಓಡಿಸಿ ನೋಡಬೇಕು, ಅಲ್ವಾ?

ಶುರುವಿನಲ್ಲಿ ಎಲ್ಲರ ಹಾಗೆ ಸಿಕ್ಕಿದ ಚಿತ್ರಗಳನ್ನೆಲ್ಲ ಜೋಡಿ ಮಾಡಿದೆ. ಫಲಿತಾಂಶ ಬರೀ ಗದ್ದಲ. ಜೂನ್ ಜೋಡಿಗಳಲ್ಲಿ ಕರಗುವ ಹಿಮ ಇರುತ್ತದೆ, ಕೊಹೆರೆನ್ಸ್ (ಎರಡು ಚಿತ್ರ ಎಷ್ಟು ಹೊಂದುತ್ತವೆ ಅನ್ನುವ ಅಳತೆ, 1 ಅಂದರೆ ಪೂರ್ತಿ) 0.2 ದಾಟುತ್ತಿರಲಿಲ್ಲ. ಅದೂ ಸಾಲದೆ ಎಸ್‌ಎಲ್‌ಸಿ (ಫೇಸ್ ಸಮೇತ ಬರುವ ರಾಡಾರ್ ಚಿತ್ರದ ಫೈಲ್) ಒಂದೊಂದೂ ನಾಲ್ಕೈದು ಜಿಬಿ. ಮನೆಯ ಇಂಟರ್ನೆಟ್‌ನಲ್ಲಿ ಆಗಲ್ಲ ಅಂತ ಕ್ಲೌಡ್‌ನಲ್ಲಿ ಮೆಷೀನ್ ಬಾಡಿಗೆಗೆ ತೆಗೆದುಕೊಂಡೆ. ಲೆಕ್ಕಕ್ಕಿಂತ ಫಲಿತಾಂಶ ಡೌನ್‌ಲೋಡ್ ಮಾಡಿಕೊಳ್ಳುವುದಕ್ಕೇ ಜಾಸ್ತಿ ಬಿಲ್ ಹಾಕಿದರು. ಒಂದೇ ತಿಂಗಳಲ್ಲಿ ಇಪ್ಪತ್ತು ಸಾವಿರದ ಮೇಲೆ ಹೋಯಿತು. ಮನೆಯಲ್ಲಿ ಇದಕ್ಕೆ ವಿವರಣೆ ಕೊಡುವುದು, ಫೇಸ್‌ನ ಸುತ್ತು ಬಿಡಿಸಿ ಅಳತೆ ತೆಗೆಯುವ ಫೇಸ್ ಅನ್‌ರ‍್ಯಾಪಿಂಗ್‌ಗಿಂತ ಕಷ್ಟ.

ಆಮೇಲೆ ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿಯ ಆನ್‌ಲೈನ್ ಸೇವೆ ಹೈಪ್3ಗೆ ಬದಲಾದೆ. ಇಂಟರ್‌ಫೆರೋಗ್ರಾಮ್‌ಗಳನ್ನು (ಒಂದೊಂದು ಜೋಡಿಯ ಫೇಸ್ ವ್ಯತ್ಯಾಸದ ಚಿತ್ರ) ಅವರ ಕಡೆಯೇ ಮಾಡಿ ಕೊಡುತ್ತಾರೆ, ತಿಂಗಳಿಗೆ ಇಷ್ಟು ಅಂತ ಉಚಿತ ಕೋಟಾ ಇದೆ. ಅವುಗಳಿಂದ ಟೈಮ್ ಸೀರೀಸ್ (ತಾರೀಖಿನಿಂದ ತಾರೀಖಿಗೆ ನೆಲ ಎಷ್ಟು ಇಳಿಯಿತು ಅನ್ನುವ ಲೆಕ್ಕ) ಮಿಂಟ್‌ಪೈ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಮನೆಯ 64 ಜಿಬಿ ಮೆಷೀನ್ ಮೇಲೆ. ಖರ್ಚು ಅಂದರೆ ಕರೆಂಟು, ಒಂದು ಹಾರ್ಡ್ ಡಿಸ್ಕ್, ಅಷ್ಟೇ.

ದಾರಿ ತೆರೆದದ್ದು ಸಾಫ್ಟ್‌ವೇರ್‌ನಿಂದಲ್ಲ, ಎಸೆಯುವುದರಿಂದ. 2017ರಿಂದ 2021ರವರೆಗಿನ ಬೇಸಿಗೆಗಳಲ್ಲಿ ಜುಲೈ ನಡುವಿನಿಂದ ಸೆಪ್ಟೆಂಬರ್‌ನ ಮೊದಲ ಹಿಮ ಬೀಳುವವರೆಗಿನ ಚಿತ್ರಗಳನ್ನು ಮಾತ್ರ ಇಟ್ಟುಕೊಂಡೆ. ಉಳಿದವುಗಳಲ್ಲೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಜೋಡಿ ನೋಡಿದೆ. ಮುಕ್ಕಾಲು ಪಾಲು ಕಸದ ಬುಟ್ಟಿಗೆ ಹೋಗಿರಬೇಕು. ಬರೀ 12 ದಿನದ ಜೋಡಿಗಳನ್ನು ಸರಪಳಿ ಹಾಕಿದರೆ ಕೊಹೆರೆನ್ಸ್ ಚೆನ್ನಾಗಿ ಕಾಣುತ್ತದೆ, ಆದರೆ ಸಣ್ಣ ಸಣ್ಣ ತಪ್ಪು ಒಂದೇ ದಿಕ್ಕಿಗೆ ಕೂಡುತ್ತಾ ಹೋಗುತ್ತದೆ. ಹಾಗಾಗಿ 24, 36 ದಿನದವೂ ಬೇಕು. ವರ್ಷದಿಂದ ವರ್ಷಕ್ಕೆ ಸೇತುವೆ ಕಟ್ಟಲು ಸೆಪ್ಟೆಂಬರ್-ಸೆಪ್ಟೆಂಬರ್ ಜೋಡಿ. ಮಳೆ ಬಂದ ದಿನಗಳನ್ನು ಮೂರು ಇಂಟರ್‌ಫೆರೋಗ್ರಾಮ್‌ಗಳ ಕ್ಲೋಷರ್ ಫೇಸ್ (ಮೂರನ್ನೂ ಸುತ್ತು ಹಾಕಿ ಕೂಡಿದಾಗ ಸೊನ್ನೆಯಾಗದೆ ಉಳಿಯುವ ಫೇಸ್) ನೋಡಿ ಹಿಡಿದೆ. ಎಷ್ಟು ಮೀರಿದರೆ ಎಸೆಯಬೇಕು, ಯಾವ ಜೋಡಿಗೆ ಎಷ್ಟು ತೂಕ ಕೊಡಬೇಕು ಅನ್ನುವುದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಪೇಪರ್ ಬರೆಯುವುದಿದೆ.

ಇನ್ನು ರೆಫರೆನ್ಸ್ ಪಾಯಿಂಟ್, ಅಂದರೆ ಅಲುಗಾಡದು ಅಂತ ಹಿಡಿದು ಉಳಿದ ನೆಲವನ್ನು ಅದಕ್ಕೆ ಹೋಲಿಸಿ ಅಳೆಯುವ ಜಾಗ. ಇದೇ ನನ್ನನ್ನು ಎಲ್ಲಕ್ಕಿಂತ ಸತಾಯಿಸಿದ್ದು. ಬಂಡೆ ಅಲುಗಾಡುವುದಿಲ್ಲ ಅಂತ ಬ್ರೂಕ್ಸ್ ಪರ್ವತದ ಕಡೆ ಇಟ್ಟರೆ ಅಷ್ಟು ದೂರದಲ್ಲಿ ವಾತಾವರಣವೇ ಬೇರೆ. ಇಆರ್‌ಎ5 ಅನ್ನುವ ಹವಾಮಾನ ಡೇಟಾದ ತಿದ್ದುಪಡಿ ಹಾಕಿದರೂ ನೆಲದ ಕುಸಿತಕ್ಕಿಂತ ಗಾಳಿಯಲ್ಲಿನ ನೀರಾವಿಯ ಅಲೆಯೇ ದೊಡ್ಡದಾಗಿ ಕಂಡಿತು. ಕೊನೆಗೆ ನದಿಯ ಪಾತ್ರದ ಜಲ್ಲಿ ದಿಬ್ಬಗಳಿಗೆ ಬಂದೆ. ಇದು ಹೊಸದೇನಲ್ಲ, ಹಿಂದಿನವರು ತೋರಿಸಿದ ದಾರಿಯೇ. ಜಲ್ಲಿಯಿಂದ ನೀರು ಬಸಿದುಹೋಗುತ್ತದೆ, ಐಸ್ ಕಡಿಮೆ, ಹಾಗಾಗಿ ಚಳಿಗೆ ಉಬ್ಬುವುದೂ ಬೇಸಿಗೆಗೆ ಇಳಿಯುವುದೂ ಅಷ್ಟಕ್ಕಷ್ಟೇ. ಒಂದು ತೊಂದರೆ: ಪ್ರವಾಹ ಬಂದರೆ ದಿಬ್ಬ ಮುಳುಗುತ್ತದೆ. ಆ ದಿನದ ಆಂಪ್ಲಿಟ್ಯೂಡ್ ಚಿತ್ರದಲ್ಲಿ (ಮರಳಿ ಬಂದ ಅಲೆಯ ಬಲದ ಚಿತ್ರ) ಅದು ಕಪ್ಪಗಾಗಿರುತ್ತದೆ. ತಾರೀಖು ತಾರೀಖಿಗೂ ಕಣ್ಣಲ್ಲೇ ನೋಡಿ, ಒಂದು ಸಲವೂ ಮುಳುಗದ ನಾಲ್ಕೈದು ದಿಬ್ಬಗಳ ಸರಾಸರಿ ತೆಗೆದುಕೊಂಡೆ.

ಸಂಖ್ಯೆ ಸರಿಯೋ ಅಂತ ನೋಡಲು ಸುಮ್ನೆ ಕಾಗದದ ಮೇಲೆ ಲೆಕ್ಕ ಹಾಕಿ. ಆಕ್ಟಿವ್ ಲೇಯರ್ (ಬೇಸಿಗೆಗೆ ಕರಗಿ ಚಳಿಗೆ ಮತ್ತೆ ಹೆಪ್ಪುಗಟ್ಟುವ ಮೇಲ್ಪದರ) 50 ಸೆಂಟಿಮೀಟರ್, ಅರ್ಧ ನೀರು ಅಂದರೆ 25. ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗಿರುತ್ತದೆ, ಕರಗಿದಾಗ ಅಷ್ಟು ಇಳಿಯಬೇಕು: ಎರಡು ಸೆಂಟಿಮೀಟರ್‌ಗಿಂತ ತುಸು ಜಾಸ್ತಿ. ಜೂನ್ ಎಸೆದಿದ್ದರಿಂದ ಆ ಪಾಲನ್ನು ಡಿಗ್ರಿ-ದಿನಗಳ (ಸೊನ್ನೆ ಡಿಗ್ರಿಗಿಂತ ಮೇಲಿನ ದಿನದಿನದ ಉಷ್ಣಾಂಶದ ಮೊತ್ತ) ವರ್ಗಮೂಲದ ಗೆರೆಯಿಂದ ಹಿಂದಕ್ಕೆ ಎಳೆದು ಸೇರಿಸಿದೆ. ಸುಡದ ಕಡೆ ಎರಡರ ಆಸುಪಾಸು ಬಂತು, ಸುಟ್ಟ ಕಡೆ ಮೂರರ ಹತ್ತಿರ. ನಾನು ಬೆಂಕಿಯ ಗಡಿರೇಖೆಯನ್ನು ಪ್ರೋಗ್ರಾಂಗೆ ಕೊಟ್ಟೇ ಇರಲಿಲ್ಲ. ಆದರೂ ನಕ್ಷೆಯಲ್ಲಿ ಸುಟ್ಟ ಜಾಗದ ಒಂದು ಅಂಚು ತಾನಾಗಿಯೇ ಎದ್ದು ಕಂಡಿತು. ನಕ್ಕವರಿಗೆ ಆ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ, ಏನೂ ಬರೆಯದೆ.

ಇದರಿಂದ ಎಲ್ಲ ಕಾಣುತ್ತದೆ ಅಂತಲ್ಲ. ಐಸ್ ವೆಡ್ಜ್ ಕರಗಿ ಆಗುವ ಕಾಲುವೆ ಕೆಲವೇ ಮೀಟರ್ ಅಗಲ, ನನ್ನ ಪಿಕ್ಸೆಲ್ 80 ಮೀಟರ್. ಅದಕ್ಕೆ ಲೈಡಾರೇ ಬೇಕು, ಇಲ್ಲವೇ 2 ಮೀಟರ್ ಪಿಕ್ಸೆಲ್‌ನ ಎತ್ತರದ ನಕ್ಷೆ ಆರ್ಕ್‌ಟಿಕ್‌ಡೆಮ್.

ನಡುವೆ ಪರ್ಮಾಫ್ರಾಸ್ಟ್ ಕರಗಿ ಕುಸಿದ ಸೈಬೀರಿಯಾದ ಬಟಗಾಯ್ ಕುಳಿಯ ಮೇಲೂ ಕೈಯಾಡಿಸಿದೆ. ಅಲ್ಲಿ ಇನ್ಸಾರ್ ದಂಡ. ಗೋಡೆಯೇ ವರ್ಷಕ್ಕೆ ಹತ್ತು ಮೀಟರ್‌ಗಿಂತ ಜಾಸ್ತಿ ಹಿಂದೆ ಸರಿಯುತ್ತದೆ, ಅಂದರೆ ಕ್ಯಾಮೆರಾ ಉಪಗ್ರಹ ಸೆಂಟಿನೆಲ್-2ರ ಒಂದು ಪಿಕ್ಸೆಲ್‌ನಷ್ಟು. ಒಂದರ ಮೇಲೊಂದು ಚಿತ್ರ ಕೂರುವುದರಲ್ಲೇ ಅಷ್ಟು ವ್ಯತ್ಯಾಸ ಬರಬಹುದು. ಹಾಗಾಗಿ ನಾಲ್ಕೈದು ವರ್ಷದ ಅಂತರದಲ್ಲಿ ಅಂಚಿನ ಗೆರೆ ಎಳೆದರೆ ಸಾಕು, ಒಂದು ಭಾನುವಾರದ ಕೆಲಸ. ಲಡಾಖ್‌ನ ರಾಕ್ ಗ್ಲೇಸಿಯರ್‌ಗಳಲ್ಲಿ (ಕಲ್ಲು, ಮಂಜುಗಡ್ಡೆ ಬೆರೆತು ನಿಧಾನವಾಗಿ ಜಾರುವ ರಾಶಿ) ಪಾಚಿಯ ಕಾಟವಿಲ್ಲ, ಕೊಹೆರೆನ್ಸ್ ನೋಡಿದರೆ ಹೊಟ್ಟೆ ತುಂಬುತ್ತದೆ. ಆದರೆ ಉತ್ತರಕ್ಕೋ ದಕ್ಷಿಣಕ್ಕೋ ಜಾರುವವು, ಪೂರ್ವ-ಪಶ್ಚಿಮದ ಕಡೆ ಓರೆಯಾಗಿ ನೋಡುವ ಈ ರಾಡಾರ್‌ಗೆ ಸರಿಯಾಗಿ ಕಾಣುವುದೇ ಇಲ್ಲ.

"ನಿಸಾರ್ ಬಂತಲ್ಲ, ಇನ್ನು ನಿನ್ನ ಸಿ-ಬ್ಯಾಂಡ್ ಯಾರಿಗೆ ಬೇಕು?" ಅನ್ನುವುದು ಈಗಿನ ಹೊಸ ರಾಗ. ನಿಸಾರ್ ಅಂದರೆ ನಾಸಾ, ಇಸ್ರೋ ಸೇರಿ ಮಾಡಿದ ರಾಡಾರ್ ಉಪಗ್ರಹ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಅದರಲ್ಲಿ 24 ಸೆಂಟಿಮೀಟರ್ ಅಲೆಯ ಎಲ್-ಬ್ಯಾಂಡ್ ಇದೆ, ಇಸ್ರೋದ ಎಸ್-ಬ್ಯಾಂಡೂ ಇದೆ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ನಾನೂ ಖಂಡಿತ ಬಳಸುತ್ತೇನೆ. ಆದರೆ ಹಿಂದಿನ ಬೇಸಿಗೆಗಳು ಇರುವುದು ಸೆಂಟಿನೆಲ್‌ನಲ್ಲೇ. ಎರಡನ್ನೂ ಒಂದೇ ಬೇಸಿಗೆಯಲ್ಲಿ, ಅದೇ ಜಲ್ಲಿ ದಿಬ್ಬಗಳಿಗೆ ಕಟ್ಟಿ ಹೋಲಿಸಿ ನೋಡುವುದು ಮುಂದಿನ ಕೆಲಸ. ಅದಕ್ಕೆ ಇನ್ನೊಂದು ಹಾರ್ಡ್ ಡಿಸ್ಕ್ ಬೇಕು. ಮನೆಯಲ್ಲಿ ಇನ್ನೂ ಹೇಳಿಲ್ಲ.