ಸುರಿಯುವ ಬಣ್ಣದ ಹದ: ಅಮೂರ್ತ ಅಭಿವ್ಯಕ್ತಿವಾದಿಗಳ ಹಾಗೆ ಚಿತ್ರ ಮಾಡುವ ಬಗೆ

ಕಡ್ಡಿಯನ್ನು ಬಣ್ಣದ ಡಬ್ಬಿಯಲ್ಲಿ ಅದ್ದಿ ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಬೀಸಿದರೆ ಬರುವುದು ಚುಕ್ಕಿ. ಅಮೂರ್ತ ಅಭಿವ್ಯಕ್ತಿವಾದಿಗಳೆಂದರೆ 1940–50ರ ದಶಕಗಳಲ್ಲಿ ನ್ಯೂಯಾರ್ಕಿನಲ್ಲಿ ವಸ್ತುವಿನ ರೂಪ ಬಿಡಿಸದೆ ಬಣ್ಣ, ಗೆರೆಗಳಲ್ಲೇ ಭಾವ ಹೇಳಿದ ಚಿತ್ರಕಾರರು. ಅವರಲ್ಲೊಬ್ಬನಾದ ಜಾಕ್ಸನ್ ಪೊಲಾಕ್‌ನ 1947ರಿಂದ 1950ರವರೆಗಿನ ಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಚುಕ್ಕಿಗಿಂತ ಗೆರೆಯೇ ಹೆಚ್ಚು. ಆ ಗೆರೆಗಳು ತುಂಡಾಗದೆ, ಸುರುಳಿಯಾಗದೆ, ಒಂದೆಡೆ ಸಣ್ಣಗೆ ಇನ್ನೊಂದೆಡೆ ದಪ್ಪಗೆ ಓಡುತ್ತವೆ. ಅಂಥ ಗೆರೆ ಬರಬೇಕಾದರೆ ಆವೇಶಕ್ಕಿಂತ ಮೊದಲು ಬಣ್ಣದ ಹದ ಸರಿಯಿರಬೇಕು.

ಇದು ಎರಚಾಟ ಎಂಬ ನಂಬಿಕೆ ಹರಡಲು ಕಾರಣವಿದೆ. 1950ರಲ್ಲಿ ಹಾನ್ಸ್ ನಾಮುತ್ ತೆಗೆದ ಫೋಟೊಗಳಲ್ಲಿ ಬಾಗಿದ ದೇಹ, ಮಸುಕಾದ ಕೈ ಕಾಣುತ್ತವೆ. ಡಬ್ಬಿಯೊಳಗಿನ ಬಣ್ಣ ಎಷ್ಟು ತೆಳುವಾಗಿತ್ತು ಎಂಬುದು ಕಾಣುವುದಿಲ್ಲ. 1952ರಲ್ಲಿ ವಿಮರ್ಶಕ ಹೆರಾಲ್ಡ್ ರೋಸೆನ್‌ಬರ್ಗ್ ಇದಕ್ಕೆ ‘ಆಕ್ಷನ್ ಪೇಂಟಿಂಗ್’ ಎಂದು ಹೆಸರಿಟ್ಟು, ಕ್ಯಾನ್ವಾಸನ್ನು ಕಲಾವಿದ ಇಳಿಯುವ ಅಖಾಡವೆಂದು ಬಣ್ಣಿಸಿದ. ಮಹಾಯುದ್ಧ ಮುಗಿದು ಶೀತಲ ಸಮರ ಶುರುವಾಗಿದ್ದ ಅಮೆರಿಕದಲ್ಲಿ ಸ್ವಾತಂತ್ರ್ಯದ ಮಾತಿಗೆ ಬೆಲೆ ಹೆಚ್ಚಿತ್ತು. ಕೈಕಸುಬಿನ ಮಾತು ಹಿಂದೆ ಬಿತ್ತು.

ಸಾಮಾನು

ಮೊದಲ ಪ್ರಯತ್ನಕ್ಕೆ ಐದು ಅಡಿ ಅಗಲ, ಆರು ಅಡಿ ಉದ್ದದ ಹತ್ತಿಯ ಡಕ್ ಕ್ಯಾನ್ವಾಸ್ (ಒತ್ತಾಗಿ ನೇಯ್ದ ದಪ್ಪ ಬಟ್ಟೆ) ಸಾಕು. ಚದರ ಮೀಟರಿಗೆ 350 ಗ್ರಾಂ ಆಸುಪಾಸಿನ ತೂಕವಿರಲಿ. ನಾಲ್ಕೂ ಬದಿಗೆ ಐದಿಂಚು ಹೆಚ್ಚು ಬಿಡಿ. ಇದಕ್ಕಿಂತ ಚಿಕ್ಕ ಬಟ್ಟೆಯಲ್ಲಿ ಮಣಿಕಟ್ಟು ಮಾತ್ರ ಆಡುತ್ತದೆ, ಭುಜ ಆಡುವುದಿಲ್ಲ. ಪೊಲಾಕ್ ಮತ್ತು ಅವನ ಹೆಂಡತಿ, ಚಿತ್ರಕಾರ್ತಿ ಲೀ ಕ್ರಾಸ್ನರ್ 1945ರ ಕೊನೆಯಲ್ಲಿ ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್‌ಗೆ ಹೋದ ಮೇಲೆ ಅವನಿಗೆ ಕೊಟ್ಟಿಗೆ ಸಿಕ್ಕಿತು, ಅವಳಿಗೆ ಮಹಡಿಯ ಮಲಗುವ ಕೋಣೆ ಸಿಕ್ಕಿತು. ಅವನ ಚಿತ್ರಗಳು ಗೋಡೆಯಷ್ಟು ಬೆಳೆದವು. ಅವಳ ಆ ವರ್ಷಗಳ ‘ಲಿಟಲ್ ಇಮೇಜ್’ ಸರಣಿ ಹೆಸರಿನಂತೆ ಚಿಕ್ಕದಾಗಿಯೇ ಉಳಿಯಿತು. ಜಾಗ ಎಷ್ಟಿದೆ ಎಂಬುದೂ ಶೈಲಿಯನ್ನು ತೀರ್ಮಾನಿಸುತ್ತದೆ.

ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ಸಿಂಥೆಟಿಕ್ ಎನಾಮೆಲ್ ತನ್ನಿ: ಕಪ್ಪು, ಬಿಳಿ ಅರ್ಧರ್ಧ ಲೀಟರ್, ಕಂದು ಮತ್ತು ಬೂದು 200 ಮಿ.ಲೀ. ಒಂದೊಂದು. ಇದು ಅಗ್ಗದ ಬದಲಿ ಅಲ್ಲ, ಪೊಲಾಕ್ ಬಳಸಿದ್ದೂ ಮನೆಗೆ, ಯಂತ್ರಕ್ಕೆ ಬಳಿಯುವ ಇಂಥದೇ ಕಾರ್ಖಾನೆ ಬಣ್ಣ. 1936ರಲ್ಲಿ ಮೆಕ್ಸಿಕೊದ ಭಿತ್ತಿಚಿತ್ರಕಾರ ಸಿಕೇರೋಸ್ ನ್ಯೂಯಾರ್ಕಿನಲ್ಲಿ ನಡೆಸಿದ ಕಾರ್ಯಾಗಾರದಲ್ಲಿ ಕಾರಿಗೆ ಹೊಡೆಯುವ ಬಣ್ಣವನ್ನು ಸುರಿದು, ಚೆಲ್ಲಿ ನೋಡುತ್ತಿದ್ದರು, ಪೊಲಾಕ್ ಅಲ್ಲಿದ್ದ. ಖರೀದಿಸುವಾಗ ಡಬ್ಬಿಯ ಮೇಲಿನ ಸೀಸದ ಪ್ರಮಾಣ ನೋಡಿ. ಭಾರತದಲ್ಲಿ 2017ರಿಂದ ಮನೆಬಳಕೆಯ ಬಣ್ಣಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿಯಿದೆ. ಹಳೆಯ ದಾಸ್ತಾನು ಬೇಡ.

ಗೋಡೆಯ ಎಮಲ್ಷನ್ ಇದಕ್ಕೆ ಆಗುವುದಿಲ್ಲ. ಬ್ರಷ್ ಆಡಿಸಿದಾಗ ತೆಳುವಾಗಿ, ನಿಂತಾಗ ಗಟ್ಟಿಯಾಗುವ ಹಾಗೆ ಅದನ್ನು ಮಾಡಿರುತ್ತಾರೆ, ಗೋಡೆಯಿಂದ ಇಳಿಯಬಾರದಲ್ಲ. ಹಾಗಾಗಿ ಅದು ಎಳೆ ಬಿಡದೆ ಗುಪ್ಪೆಯಾಗಿ ಬೀಳುತ್ತದೆ. ನೀರು ಹೆಚ್ಚಿಸಿದರೆ ಹನಿಯಾಗುತ್ತದೆ. ಎನಾಮೆಲ್ ವಾಸನೆ ಬೇಡವೆನ್ನುವವರು ದ್ರವರೂಪದ ಅಕ್ರಿಲಿಕ್‌ಗೆ ಎಳೆ ಕೊಡುವ ಜೆಲ್ ಸೇರಿಸಬಹುದು.

ಇನ್ನು ಮಿನರಲ್ ಟರ್ಪೆಂಟೈನ್ ಒಂದು ಲೀಟರ್, ಒಂದು ಅಡಿ ಉದ್ದದ ಬೇರೆ ಬೇರೆ ದಪ್ಪದ ಕಡ್ಡಿಗಳು, ಒಣಗಿ ಗಟ್ಟಿಯಾದ ಹಳೆಯ ಬ್ರಷ್ಷುಗಳು, ಸೂಜಿಯಿಲ್ಲದ 50 ಮಿ.ಲೀ. ಸಿರಿಂಜ್, ಸೋಸಲು ತೆಳು ಬಟ್ಟೆ, ನೆಲಕ್ಕೆ ತಾರ್ಪಾಲು.

ಬಟ್ಟೆಗೆ ಮೊದಲು ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ಅಂಟು) ಮತ್ತು ನೀರನ್ನು ಸಮಸಮ ಬೆರೆಸಿ ಒಂದು ಕೈ ಹಚ್ಚಿ ಒಣಗಿಸಿ. ಎನಾಮೆಲ್‌ನಲ್ಲಿರುವ ಎಣ್ಣೆ ಬರಿಯ ಹತ್ತಿಗೆ ಇಳಿದರೆ ವರ್ಷಗಳಲ್ಲಿ ಎಳೆಗಳು ಹಳದಿಯಾಗಿ, ಒರಟಾಗಿ, ಮುರಿಯುತ್ತವೆ. ಒಂದೇ ತೊಂದರೆ, ಬಣ್ಣ ಬಟ್ಟೆಯೊಳಕ್ಕೆ ಇಂಗುವ ಸೊಗಸು ಅರ್ಧ ಹೋಗುತ್ತದೆ. ಅಭ್ಯಾಸಕ್ಕಾದರೆ ಬರಿಯ ಬಟ್ಟೆಯಲ್ಲೇ ಮಾಡಿ.

ಹದ ಮತ್ತು ವೇಗ

ಎರಡು ಹದ ಬೇಕು. ಮೊದಲ ಪದರಕ್ಕೆ 100 ಮಿ.ಲೀ. ಎನಾಮೆಲ್‌ಗೆ 40 ಮಿ.ಲೀ. ಟರ್ಪೆಂಟೈನ್. ಮೇಲಿನ ಗೆರೆಗಳಿಗೆ 100ಕ್ಕೆ 10ರಿಂದ 15. ನಿಧಾನವಾಗಿ ಕಲಕಿ, ಸೋಸಿ, ಗುಳ್ಳೆ ಹೋಗಲು ಹತ್ತು ನಿಮಿಷ ಬಿಡಿ. ಸೋಸುವುದನ್ನು ಬಿಡಬೇಡಿ, ಡಬ್ಬಿಯ ಅಂಚಿನಿಂದ ಬಿದ್ದ ಒಣ ಚೂರೊಂದು ಸಾಕು ಎಳೆ ಕಡಿಯಲು.

ಪರೀಕ್ಷೆ ಹೀಗೆ: ಕಡ್ಡಿಯನ್ನು ಅದ್ದಿ ಒಂದು ಅಡಿ ಎತ್ತರದಲ್ಲಿ ಹಿಡಿಯಿರಿ. ಎಳೆ ಐದಾರು ಸೆಕೆಂಡ್ ತುಂಡಾಗದೆ ಇಳಿದರೆ ಗೆರೆಯ ಹದ ಬಂದಿದೆ. ಎರಡು ಸೆಕೆಂಡಿಗೇ ಹನಿಯಾದರೆ ತೆಳುವಾಯಿತು. ಹತ್ತು ಸೆಕೆಂಡ್ ದಾಟಿದರೆ ಟರ್ಪೆಂಟೈನ್ ಒಂದೊಂದೇ ಚಮಚ ಸೇರಿಸಿ. ಮಧ್ಯಾಹ್ನದ ಬಿಸಿಲಿಗೆ ಬಣ್ಣ ಸಡಿಲವಾಗುತ್ತದೆ, ಬೆಳಗಿನ ಹದ ಆಗ ನಡೆಯುವುದಿಲ್ಲ. ಡಬ್ಬಿ ತೆರೆದಿಟ್ಟರೆ ಟರ್ಪೆಂಟೈನ್ ಆರಿ ಗಟ್ಟಿಯಾಗುವುದೂ ಇದೆ. ಗಂಟೆಗೊಮ್ಮೆ ನೋಡಿಕೊಳ್ಳಿ.

ಮುಂದಿನದು ಕೈಯ ವೇಗ. ಮೇಲಿನಿಂದ ಬೀಳುವ ದಪ್ಪ ದ್ರವದ ಎಳೆ ತಾನು ಬೀಳುವ ವೇಗಕ್ಕಿಂತ ನಿಧಾನವಾಗಿ ಕೈ ಸರಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ದ್ರವವಿಜ್ಞಾನದವರು ಪೊಲಾಕ್ ಕೆಲಸ ಮಾಡುವ ಚಲನಚಿತ್ರವನ್ನು ಅಳೆದು ನೋಡಿ, ಸುರುಳಿ ಬಾರದ ಎತ್ತರ ಮತ್ತು ವೇಗದಲ್ಲೇ ಅವನ ಕೈ ಇರುತ್ತಿತ್ತು ಎಂದು 2019ರಲ್ಲಿ ಪ್ರಕಟಿಸಿದರು. ಮಾಡಿ ನೋಡುವುದು ಸುಲಭ: ಹಳೆಯ ಪತ್ರಿಕೆ ಹಾಸಿ ಕೈಯನ್ನು ನಿಧಾನವಾಗಿ ಸರಿಸಿ, ಸುರುಳಿ ಬರುತ್ತದೆ. ವೇಗ ಹೆಚ್ಚಿಸುತ್ತಾ ಹೋಗಿ. ಸುರುಳಿ ಬಿಚ್ಚಿ ನೇರವಾಗುವ ವೇಗವೇ ಆ ಹದಕ್ಕೆ, ಆ ಎತ್ತರಕ್ಕೆ ನಿಮ್ಮ ವೇಗ. ಇನ್ನೂ ಜೋರಾದರೆ ಎಳೆ ಸಣ್ಣಗಾಗಿ ತುಂಡಾಗುತ್ತದೆ. ರಂಗೋಲಿ ಹಾಕುವವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಬೆರಳು ನೆಲಕ್ಕೆ ತಾಗದೆ ಪುಡಿ ಬೀಳುವ ಲೆಕ್ಕವೇ ಇಲ್ಲೂ. ಅಮೆರಿಕದ ಪಶ್ಚಿಮದ ಮೂಲನಿವಾಸಿಗಳ ಮರಳುಚಿತ್ರವನ್ನು ಪೊಲಾಕ್ ತನ್ನ ಮಾತಿನಲ್ಲೇ ನೆನೆದಿದ್ದಾನೆ, ಅದೂ ನೆಲದ ಮೇಲೆ ಬೆರಳಿನಿಂದ ಉದುರಿಸುವ ಕಲೆ.

ಪದರಗಳು

ಮೊದಲು ತೆಳು ಕಪ್ಪು. ಇದು ಚಿತ್ರದ ಅಸ್ಥಿಪಂಜರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ‘ಆಟಮ್ ರಿದಮ್’ 1950ರದ್ದು, ಸುಮಾರು 267 ಸೆಂ.ಮೀ. ಎತ್ತರ, 526 ಸೆಂ.ಮೀ. ಅಗಲ. ಅದರಲ್ಲಿ ಬರಿಯ ಬಟ್ಟೆಗೆ ಇಂಗಿದ ಕಪ್ಪು ಗೆರೆಗಳು ಮೊದಲು, ಕಂದು, ಬಿಳಿ, ಬೂದುನೀಲಿ ಆಮೇಲೆ. ಮೂಲೆಯಿಂದ ಶುರುಮಾಡಿ ನಾಲ್ಕೂ ಕಡೆಯಿಂದ ಕೆಲಸ ಮಾಡಿ. ಒಂದೇ ಕಡೆ ನಿಂತರೆ ಗೆರೆಗಳೆಲ್ಲ ನಿಮ್ಮ ಬಲಗೈಯ ಬಿಲ್ಲಿನಾಕಾರಕ್ಕೆ ಬಾಗುತ್ತವೆ. ಹೊಸಬರ ಚಿತ್ರ ಗುರುತಾಗುವುದೇ ಇದರಿಂದ.

ಗೆರೆ ಗೆರೆಯಾಗಿಯೇ ಉಳಿಯಬೇಕಾದರೆ ಪದರಗಳ ನಡುವೆ ಒಂದು ದಿನ ಬಿಡಿ. ಹಸಿಯ ಮೇಲೆ ಹಸಿ ಬಿದ್ದರೆ ಬಣ್ಣಗಳು ಒಂದರೊಳಗೊಂದು ಹರಡುತ್ತವೆ. ಅದು ಬೇಕಾದ ಕಡೆ ಮಾತ್ರ ಮಾಡಿ. ಎರಡನೆಯ ಬಣ್ಣ ಮೊದಲನೆಯದರ ಅರ್ಧಕ್ಕಿಂತ ಕಡಿಮೆ, ಮೂರನೆಯದು ಇನ್ನೂ ಕಡಿಮೆ. ಬಿಳಿಯನ್ನು ಕೊನೆಗೆ, ಸಿರಿಂಜಿನಿಂದ. ಬಟ್ಟೆಯ ಮೂರನೇ ಒಂದು ಭಾಗವಾದರೂ ಖಾಲಿ ಕಾಣುತ್ತಿರುವಾಗ ನಿಲ್ಲಿಸಿ, ಗೋಡೆಗೆ ಮೊಳೆ ಹೊಡೆದು ಎರಡು ದಿನ ನೋಡಿ. ಹಾಳಾಗುವುದು ಬಹುಪಾಲು ಇದಾದ ಮೇಲಿನ ಅರ್ಧ ಗಂಟೆಯಲ್ಲಿ: ಎಲ್ಲ ಗೆರೆ ಮುಚ್ಚಿ ಕೆಸರು ಬಣ್ಣವಾಗುತ್ತದೆ.

ದಪ್ಪಗೆ ನಿಂತ ಮಡುವಿನ ಮೇಲೆ ಕೆನೆ ಕಟ್ಟಿ ನೆರಿಗೆ ಬೀಳುತ್ತದೆ. ಎನಾಮೆಲ್ ಒಣಗುವುದು ಗಾಳಿಯ ಆಮ್ಲಜನಕದಿಂದ, ಹಾಗಾಗಿ ಮೇಲಿನಿಂದ ಒಣಗುತ್ತದೆ; ಒಳಗೆ ಹಸಿ ಇರುವಾಗಲೇ ಮೇಲ್ಪದರ ಹಿಗ್ಗಿ ಮಡಚಿಕೊಳ್ಳುತ್ತದೆ. ಪೊಲಾಕ್ ಚಿತ್ರಗಳಲ್ಲೂ ಈ ನೆರಿಗೆಗಳಿವೆ. ಬೇಡವಾದರೆ 2 ಮಿ.ಮೀ.ಗಿಂತ ದಪ್ಪ ನಿಂತಲ್ಲಿ ಸಿರಿಂಜಿನಿಂದ ಹೀರಿ ತೆಗೆಯಿರಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಒಂದು ದಿನದ ಜಾಗಕ್ಕೆ ಎರಡು ಮೂರು ದಿನ ಹಿಡಿಯಿರಿ. ಮುಟ್ಟಿದರೆ ಒಣಗಿದಂತಿದ್ದರೂ ಮೂರು ವಾರ ಸುತ್ತಿಡಬೇಡಿ, ಪದರಗಳು ಅಂಟಿಕೊಂಡು ಕೀಳುತ್ತವೆ. ಎನಾಮೆಲ್ ಮೇಲೆ ಅಕ್ರಿಲಿಕ್ ಹಚ್ಚಬೇಡಿ, ಹಕ್ಕಳೆಯಾಗಿ ಏಳುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಬೇಡ. ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು; ಹೊರಗೆ ಬಿಡಿಸಿ ಒಣಗಿಸಿ ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಹಾಕಿ.

ಇಂಗಿಸುವ ಬಗೆ

ಅಮೆರಿಕದ ಚಿತ್ರಕಾರ್ತಿ ಹೆಲೆನ್ ಫ್ರಾಂಕೆಂಥಾಲರ್ ಪೊಲಾಕ್‌ನಿಂದ ಬಟ್ಟೆಯನ್ನು ನೆಲಕ್ಕೆ ಹಾಸುವುದನ್ನು ತೆಗೆದುಕೊಂಡಳು, ಗೆರೆಯನ್ನು ಬಿಟ್ಟಳು. 1952ರ ‘ಮೌಂಟನ್ಸ್ ಅಂಡ್ ಸೀ’ ಮಾಡಿದಾಗ ಅವಳಿಗೆ 23. ಇದ್ದಿಲಿನಿಂದ ನಾಲ್ಕು ಗೆರೆ ಎಳೆದು, ತುಂಬ ತೆಳುವಾದ ತೈಲವರ್ಣವನ್ನು ಬರಿಯ ಬಟ್ಟೆಗೆ ಸುರಿದಳು. 1953ರಲ್ಲಿ ಅದನ್ನು ನೋಡಿದ ಚಿತ್ರಕಾರರಾದ ಮಾರಿಸ್ ಲೂಯಿಸ್, ಕೆನೆತ್ ನೋಲಂಡ್ ವಾಷಿಂಗ್ಟನ್‌ಗೆ ಮರಳಿ ದಾರಿಯನ್ನೇ ಬದಲಿಸಿದರು. ಆದರೆ ತೈಲವರ್ಣ ಇಂಗಿದ ಕಡೆ ಸುತ್ತಲೂ ಎಣ್ಣೆಯ ವಲಯ ಮೂಡುತ್ತದೆ, ಬಟ್ಟೆಯೂ ಕೊಳೆಯುತ್ತದೆ. 1960ರ ದಶಕದ ಆರಂಭದಲ್ಲಿ ಅವಳೇ ಅಕ್ರಿಲಿಕ್‌ಗೆ ಬಂದಳು. ನೀವು ಅಲ್ಲಿಂದಲೇ ಶುರುಮಾಡಿ.

ಹೊಸ ಬಟ್ಟೆಯಲ್ಲಿ ನೇಯ್ಗೆಯ ಗಂಜಿ ಇರುತ್ತದೆ, ಅದರ ಮೇಲೆ ನೀರು ಮುತ್ತಾಗಿ ನಿಲ್ಲುತ್ತದೆ. ಬಿಸಿನೀರಿನಲ್ಲಿ ಸೋಪು ಹಾಕಿ ಎರಡು ಸಲ ಒಗೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಿ. ಬಟ್ಟೆ ಕುಗ್ಗುವುದರಿಂದ ಹತ್ತಕ್ಕೆ ಒಂದು ಪಾಲು ಹೆಚ್ಚು ಕೊಳ್ಳಿ. ಬಣ್ಣಕ್ಕೆ ಒಂದು ಪಾಲು ಅಕ್ರಿಲಿಕ್, ಒಂದು ಪಾಲು ಮ್ಯಾಟ್ ಮೀಡಿಯಂ, ಮೂರು ಪಾಲು ನೀರು. ಮೀಡಿಯಂ ಇಲ್ಲದೆ ನೀರೊಂದನ್ನೇ ಹೆಚ್ಚಿಸುತ್ತ ಹೋದರೆ ಅಂಟು ಸಾಲದೆ ಬಣ್ಣ ಒಣಗಿದ ಮೇಲೆ ಕೈಗೆ ಹತ್ತುತ್ತದೆ. ಒಣಬಟ್ಟೆಗೆ ಸುರಿದರೆ ಅಂಚು ಕಡಿದಂತೆ ನಿಲ್ಲುತ್ತದೆ, ತೇವದ ಬಟ್ಟೆಗೆ ಸುರಿದರೆ ಕರಗಿ ಹರಡುತ್ತದೆ; ಒಂದೇ ಚಿತ್ರದಲ್ಲಿ ಎರಡನ್ನೂ ಬೇಕೆಂದೇ ಇಟ್ಟುಕೊಳ್ಳಿ. ಕೆಳಗಿನ ಪ್ಲಾಸ್ಟಿಕ್ ಹಾಳೆ ಸುಕ್ಕಿಲ್ಲದೆ ಬಿಗಿಯಾಗಿರಲಿ, ಸುಕ್ಕಿದ್ದರೆ ಬಣ್ಣ ಅದರಲ್ಲಿ ನಿಂತು ಹಿಂದಿನಿಂದ ಪಟ್ಟೆ ಮೂಡಿಸುತ್ತದೆ. ಒಮ್ಮೆ ಇಂಗಿದ್ದನ್ನು ಅಳಿಸಲಾಗದು. ಬಣ್ಣ ಒಣಗಿದ ಮೇಲೆ ಮಾಸಲಾಗಿ ಕಾಣುತ್ತದೆಯಾದ್ದರಿಂದ ಮೊದಲು ತುಂಡು ಬಟ್ಟೆಯಲ್ಲಿ ಒಣಗಿಸಿ ನೋಡಿ.

ಕ್ಲೈನ್, ರಾತ್ಕೊ

ಇದೇ ಗುಂಪಿನ ಫ್ರಾಂಜ್ ಕ್ಲೈನ್‌ನ ಕಪ್ಪು ಬಿಳುಪಿನ ಚಿತ್ರಗಳು ಒಂದೇ ಏಟಿಗೆ ಬಂದವೆಂದು ತೋರುತ್ತವೆ. ಹಲವಕ್ಕೆ ಮೊದಲು ಟೆಲಿಫೋನ್ ಡೈರೆಕ್ಟರಿಯ ಹಾಳೆಯ ಮೇಲೆ ಚಿಕ್ಕ ಕರಡು ಇತ್ತು. ಪತ್ರಿಕೆಯ ಹಾಳೆಯಲ್ಲಿ ಮಸಿಯಿಂದ ಇಪ್ಪತ್ತು ಕರಡು ಮಾಡಿ, ಒಂದನ್ನು ಆರಿಸಿ ಹತ್ತು ಪಟ್ಟು ಹಿಗ್ಗಿಸಿ. ಗುಟ್ಟು ಇರುವುದು ಬಿಳಿಯಲ್ಲಿ: ಅದು ಹಿನ್ನೆಲೆಯಲ್ಲ, ಕಪ್ಪಿನ ಅಂಚನ್ನು ಕತ್ತರಿಸಲು ಮೇಲೆ ಬಳಿದದ್ದು. ತೈಲವರ್ಣದಲ್ಲಾದರೆ ಸತುವಿನ ಬಿಳಿ ಬೇಡ, ಕಾಲಕ್ರಮೇಣ ಗಡುಸಾಗಿ ಬಿರುಕು ಬಿಡುತ್ತದೆ. ಟೈಟೇನಿಯಂ ಬಿಳಿ ಕೊಳ್ಳಿ.

ಇದೇ ಗುಂಪಿನ ಮಾರ್ಕ್ ರಾತ್ಕೊನ ಹಾಗೆ ಪದರದ ಮೇಲೆ ಪದರ ತೆಳುವಾಗಿ ಹಚ್ಚುವವರು ಟ್ಯೂಬಿನ ಮೇಲಿನ ವರ್ಣಸಂಖ್ಯೆ (ಕೆಂಪಿಗೆ ಪಿಆರ್ ಎಂದು ಶುರುವಾಗುವ ಸಂಖ್ಯೆ) ಓದಲೇಬೇಕು. 1964ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ‌ನ ಊಟದ ಕೋಣೆಯಲ್ಲಿ ಅವನ ಐದು ಚಿತ್ರಗಳನ್ನು ತೂಗುಹಾಕಿದರು. ಅವುಗಳ ಕಡುಗೆಂಪಿನಲ್ಲಿದ್ದ ಲಿಥಾಲ್ ರೆಡ್ ಕಿಟಕಿಯ ಬಿಸಿಲಿಗೆ ಮಾಸಿ, 1979ರಲ್ಲಿ ಚಿತ್ರಗಳನ್ನೇ ಇಳಿಸಿ ಒಳಗಿಟ್ಟರು. 2014ರಲ್ಲಿ ಮತ್ತೆ ತೋರಿಸಿದಾಗ, ಹೋದ ಬಣ್ಣವನ್ನು ಪ್ರೊಜೆಕ್ಟರಿನ ಬೆಳಕಿನಿಂದ ತುಂಬಬೇಕಾಯಿತು. ಪಿಆರ್ 49, ಪಿಆರ್ 83 ಎಂದಿದ್ದರೆ ಬಿಡಿ. ಪಿಆರ್ 254, ಪಿಆರ್ 101 ನಂಬಬಹುದು.

ಪ್ರದರ್ಶನದ ಟಿಪ್ಪಣಿ ಬರೆಯುವಾಗ

ಇಂಥ ಚಿತ್ರಗಳ ಜೊತೆ ಇತಿಹಾಸದ ನಾಲ್ಕು ಸಾಲು ಹಾಕುವವರು ಕಾಲಕ್ರಮ ತಪ್ಪಬಾರದು. 1935ರಿಂದ 1943ರವರೆಗಿನ ಅಮೆರಿಕ ಸರ್ಕಾರದ ಕಲಾಯೋಜನೆ ಈ ತಲೆಮಾರಿಗೆ ಸಂಬಳ ಕೊಟ್ಟಿತು, ಭಿತ್ತಿಚಿತ್ರದ ಅಳತೆಯನ್ನೂ ಕಲಿಸಿತು. 1940ರಲ್ಲಿ ಪ್ಯಾರಿಸ್ ಜರ್ಮನ್ನರ ವಶವಾದ ಮೇಲೆ ಕನಸು, ಸುಪ್ತಮನಸ್ಸನ್ನು ಚಿತ್ರಿಸುವ ಸರ್ರಿಯಲಿಸ್ಟರು ನ್ಯೂಯಾರ್ಕಿಗೆ ಬಂದರು. ಇವರ ಚಿತ್ರಗಳನ್ನು ತೋರಿಸಿದ ಪೆಗ್ಗಿ ಗುಗೆನ್‌ಹೈಮ್‌ಳ ಗ್ಯಾಲರಿ 1942ರಿಂದ 1947ರವರೆಗೆ ನಡೆಯಿತು. ಇದೆಲ್ಲ ‘ಅಮೆರಿಕದ ವಿಜಯದ ಕಲೆ’ ಎಂದು ಮೊದಲಿನಿಂದ ಯಾರೂ ಹೇಳಲಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ಹೊರದೇಶಗಳಿಗೆ ಕಳಿಸಿದ್ದ ಆಧುನಿಕ ಚಿತ್ರಗಳ ಪ್ರದರ್ಶನವನ್ನು ಟೀಕೆಗೆ ಹೆದರಿ 1947ರಲ್ಲಿ ವಾಪಸ್ ಕರೆಸಿ ಮರುವರ್ಷ ಚಿತ್ರಗಳನ್ನು ಮಾರಿತು. 1949ರಲ್ಲಿ ಸಂಸದ ಡೊಂಡೆರೊ ಆಧುನಿಕ ಕಲೆಯೇ ಕಮ್ಯುನಿಸ್ಟರ ಹುನ್ನಾರ ಎಂದ. 1958–59ರ ಹೊತ್ತಿಗೆ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಅದೇ ಬಗೆಯ ಚಿತ್ರಗಳನ್ನು ಯುರೋಪಿನ ಎಂಟು ದೇಶಗಳಲ್ಲಿ ತೋರಿಸಿತು. 1967ರಲ್ಲಿ ಇಂಥದೇ ಪ್ರದರ್ಶನ ದೆಹಲಿಗೂ ಬಂತು. ಸಾಂಸ್ಕೃತಿಕ ಸಂಸ್ಥೆಗಳಿಗೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಗುಟ್ಟಾಗಿ ಹಣ ಕೊಟ್ಟದ್ದು ನಿಜ. ಹಾಗೆಂದು ಕಲಾವಿದರು ಅದರ ಅಪ್ಪಣೆಗೆ ಚಿತ್ರ ಮಾಡಿದರೆಂದು ಬರೆದರೆ ಅದು ಸುಳ್ಳು.

ಕೆಟ್ಟ ಬಟ್ಟೆ ಎಸೆಯಬೇಡಿ

ಕ್ರಾಸ್ನರ್ 1950ರ ದಶಕದ ಮೊದಲರ್ಧದಲ್ಲಿ ತನಗೆ ಹಿಡಿಸದ ಹಳೆಯ ಕೆಲಸಗಳನ್ನೂ ಪೊಲಾಕ್ ಬಿಸುಟ ರೇಖಾಚಿತ್ರಗಳನ್ನೂ ಹರಿದು, ಕತ್ತರಿಸಿ ಅಂಟಿಸಿದಳು. ಆ ಕೊಲಾಜ್‌ಗಳು 1955ರಲ್ಲಿ ಸ್ಟೇಬಲ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡವು. ಪೂರ್ತಿ ಒಣಗಿದ ಬಟ್ಟೆಯನ್ನು ಗೆರೆಗಳ ದಿಕ್ಕಿಗೆ ಅಡ್ಡವಾಗಿ ಕತ್ತರಿಸಿ, ಗೆರೆ ಇದ್ದಕ್ಕಿದ್ದಂತೆ ನಿಲ್ಲುವ ಕಡೆ ಅಂಚು ಚೆನ್ನಾಗಿ ಬರುತ್ತದೆ. ಅಂಟಿಗೆ ನೀರು ಬೆರೆಸದ ಮ್ಯಾಟ್ ಮೀಡಿಯಂ; ಎನಾಮೆಲ್ ಇರುವ ಮೇಲ್ಮೈಗೆ ಅದು ಹಿಡಿಯದ ಕಾರಣ ಬರಿಯ ಬಟ್ಟೆ ಬರಿಯ ಬಟ್ಟೆಗೆ ತಾಗುವಂತೆ ಜೋಡಿಸಿ. ಮೇಲೆ ಬೆಣ್ಣೆಕಾಗದ, ಅದರ ಮೇಲೆ ಹಲಗೆ ಮತ್ತು ಭಾರ ಇಟ್ಟು ಒಂದು ಹಗಲು ಒಂದು ರಾತ್ರಿ ಬಿಡಿ.